ನವೆಂಬರ್ ಬಂತೆಂದರೆ ಸಂಜೆಯ ಸಭೆ ಊಟದ ಹೊತ್ತಿಗೆ

ಪ್ರಶ್ನೆ: ಬೆಂಗಳೂರಿನಲ್ಲಿದ್ದು ನ್ಯೂಯಾರ್ಕ್‌ನ ತಂಡದೊಂದಿಗೆ ಕೆಲಸ ಮಾಡುವ ನನಗೆ, ಬೇಸಿಗೆಯಲ್ಲಿ ಸಂಜೆ 6.30ಕ್ಕಿರುವ ನಿತ್ಯದ ಸಭೆ ನವೆಂಬರ್‌ನಿಂದ 7.30ಕ್ಕೆ ಸರಿಯುತ್ತದೆ, ಮಗಳ ಊಟ, ಹೋಂವರ್ಕ್ ಎರಡೂ ಅದೇ ಹೊತ್ತಿಗೆ ಇರುವುದರಿಂದ ಮನೆಯಲ್ಲಿ ಕಿರಿಕಿರಿ ತಪ್ಪಿದ್ದಲ್ಲ. ನೀವು ಹೇಗೆ ನಿಭಾಯಿಸುತ್ತೀರಿ?

ಉತ್ತರ 1: ಅಮೆರಿಕದ ಬಹುಭಾಗದಲ್ಲಿ ಮಾರ್ಚ್‌ನ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ನವೆಂಬರ್‌ನ ಮೊದಲ ಭಾನುವಾರ ಹಿಂದಿಡುತ್ತಾರೆ, ನಮ್ಮಲ್ಲಿ ಆ ಪದ್ಧತಿಯಿಲ್ಲದ ಕಾರಣ ಒಂಬತ್ತೂವರೆ ಗಂಟೆಯ ಅಂತರ ಹತ್ತೂವರೆಯಾಗುತ್ತದೆ. ಸಭೆಯನ್ನು ಭಾರತೀಯ ಕಾಲಮಾನಕ್ಕೆ ನಿಗದಿಪಡಿಸಲು ಕೇಳಿ. ಚಳಿಗಾಲದಲ್ಲಿ ಅವರಿಗೆ ಬೆಳಿಗ್ಗೆ 8 ಆಗುತ್ತದೆ, ಅಷ್ಟೇ.

ಉತ್ತರ 2: ಆ ಹೊತ್ತಿಗೆ ಅಲ್ಲಿಯವರೂ ಮಕ್ಕಳನ್ನು ಶಾಲೆಗೆ ಬಿಡಬೇಕಲ್ಲ! ನಮ್ಮ ತಂಡದಲ್ಲಿ ಸೋಮವಾರ, ಗುರುವಾರ ಮಾತ್ರ ಸಭೆ ಸೇರಿ, ಉಳಿದ ದಿನ ವರದಿಯನ್ನು ಬರೆದು ಕಳುಹಿಸುತ್ತೇವೆ.

ಪ್ರಶ್ನೆ ಕೇಳಿದವರು: ಇದನ್ನೇ ವ್ಯವಸ್ಥಾಪಕರ ಮುಂದಿಡುತ್ತೇನೆ, ಮಾರ್ಚ್‌ವರೆಗೆ ಕಾಯುವ ತಾಳ್ಮೆ ನಮ್ಮ ಅತ್ತೆಯವರಿಗಂತೂ ಇಲ್ಲ.