ಟಗರಿನ ಬೀಜದ ಟಿಎಲ್‌ಸಿಯಲ್ಲಿ ಒಂದು ಹೆಚ್ಚುವರಿ ಚುಕ್ಕೆ, ನಾರ್‌ಸ್ಪರ್ಮಿಡಿನ್ ಇರಬಹುದಾ?

ಪ್ರಶ್ನೆ (ಎಂಎಸ್ಸಿ, ದಾವಣಗೆರೆ):
ನಮಸ್ಕಾರ. ಟಗರಿನ ಬೀಜದಲ್ಲಿರುವ (ವೃಷಣದಲ್ಲಿರುವ) ಪಾಲಿಅಮೈನ್‌ಗಳನ್ನು, ಅಂದರೆ ಹಲವು ಅಮೈನ್ ಗುಂಪುಗಳಿರುವ ಸಣ್ಣ ಅಣುಗಳನ್ನು, ನೋಡುತ್ತಿದ್ದೇನೆ. ಪರ್‌ಕ್ಲೋರಿಕ್ ಆಮ್ಲದಲ್ಲಿ ಅರೆದು, ಡಾನ್ಸಿಲ್ ಕ್ಲೋರೈಡ್ (ಅಮೈನ್‌ಗೆ ಅಂಟಿ ಯುವಿ ಬೆಳಕಿನಲ್ಲಿ ಹೊಳೆಯುವಂತೆ ಮಾಡುವ ವಸ್ತು) ಹಾಕಿ, ಸಿಲಿಕಾ ಪ್ಲೇಟಿನಲ್ಲಿ ಟಿಎಲ್‌ಸಿ (ತೆಳು ಪದರದ ಮೇಲೆ ವಸ್ತುಗಳನ್ನು ಬೇರ್ಪಡಿಸುವ ವಿಧಾನ) ಓಡಿಸಿದೆ. ಸ್ಪರ್ಮಿನ್, ಸ್ಪರ್ಮಿಡಿನ್, ಪುಟ್ರೆಸಿನ್ ಮೂರೂ ಸ್ಟ್ಯಾಂಡರ್ಡ್ (ಹೋಲಿಕೆಗೆ ಹಾಕಿದ ಶುದ್ಧ ವಸ್ತು) ಎದುರಿಗೇ ಬಂದಿವೆ. ಆದರೆ ಪುಟ್ರೆಸಿನ್ ಪಕ್ಕದಲ್ಲಿ ಇನ್ನೊಂದು ಗಾಢ ಚುಕ್ಕೆ ಇದೆ. ಅದೇ ಮಾದರಿಯಿಂದ ಮೂರು ಸಲ ಮಾಡಿದರೂ ಬಂತು, ಬ್ಲ್ಯಾಂಕಿನಲ್ಲಿ (ಬೀಜ ಹಾಕದೆ ಮಾಡಿದ್ದರಲ್ಲಿ) ಇಲ್ಲ. ಅಪರೂಪದ ನಾರ್‌ಸ್ಪರ್ಮಿಡಿನ್ ಸಿಕ್ಕಿದೆ ಅನ್ನಿಸುತ್ತಿದೆ, ಗೈಡ್‌ಗೆ ಹೇಳಲಾ?

ಉತ್ತರ:
ಈಗಲೇ ಬೇಡ. ಚುಕ್ಕೆ ಕೂತಿರುವ ಜಾಗವೇ ನಿಮ್ಮ ಊಹೆಗೆ ವಿರುದ್ಧವಾಗಿದೆ. ನಾರ್‌ಸ್ಪರ್ಮಿಡಿನ್‌ಗೆ ಸ್ಪರ್ಮಿಡಿನ್‌ಗಿಂತ ಒಂದೇ ಇಂಗಾಲ ಕಮ್ಮಿ, ಎರಡಕ್ಕೂ ಮೂರು ಮೂರು ಡಾನ್ಸಿಲ್ ಅಂಟಿಕೊಳ್ಳುತ್ತವೆ, ಹಾಗಾಗಿ ಅದು ಸ್ಪರ್ಮಿಡಿನ್ ಹತ್ತಿರ ಇರಬೇಕಿತ್ತು. ಪುಟ್ರೆಸಿನ್ ಪಕ್ಕದಲ್ಲಿದೆ ಅಂದರೆ ಪುಟ್ರೆಸಿನ್ ತರಹ ಎರಡು ಡಾನ್ಸಿಲ್ ಹಿಡಿಯುವ ಡೈಅಮೈನ್ (ಎರಡು ಅಮೈನ್ ಗುಂಪಿರುವುದು) ಇರಬಹುದು. ನನಗೆ ಮೊದಲು ಅನುಮಾನ ಬರುವುದು ಕ್ಯಾಡವರಿನ್ ಮೇಲೆ. ಬ್ಯಾಕ್ಟೀರಿಯಾ ಲೈಸಿನ್ ಎಂಬ ಅಮೈನೋ ಆಮ್ಲದಿಂದ ಅದನ್ನು ಮಾಡುತ್ತವೆ, ಹಳಸಿದ ಮಾಂಸದಲ್ಲಿ ಬೇಗ ಸೇರಿಕೊಳ್ಳುತ್ತದೆ. ಬೀಜ ಎಲ್ಲಿಂದ ತಂದಿರಿ, ಆಮ್ಲಕ್ಕೆ ಹಾಕುವ ಮುಂಚೆ ಎಷ್ಟು ಹೊತ್ತು ಇತ್ತು?

ಪ್ರಶ್ನೆ ಕೇಳಿದವರು:
ಚಿತ್ರದುರ್ಗದ ಮಟನ್ ಅಂಗಡಿಯಿಂದ ಬೆಳಿಗ್ಗೆ 6ಕ್ಕೆ. ಐಸ್ ಇರಲಿಲ್ಲ, ಬಸ್ಸಿನಲ್ಲಿ ಕವರಿನಲ್ಲೇ ತಂದೆ, ಆಮ್ಲಕ್ಕೆ ಹಾಕಿದ್ದು ಸಂಜೆ 4ಕ್ಕೆ.

ಉತ್ತರ:
ಏಪ್ರಿಲ್ ಬಿಸಿಲಿನಲ್ಲಿ ಹತ್ತು ಗಂಟೆ ಬಹಳ ಜಾಸ್ತಿ. ದಾವಣಗೆರೆಯಲ್ಲೇ, ಕೊಯ್ದ ತಕ್ಷಣ ತಗೊಳ್ಳಿ, ಐಸ್ ತುಂಬಿದ ಡಬ್ಬಿಯಲ್ಲಿ ತಂದು ಸೀದಾ ಆಮ್ಲಕ್ಕೆ ಹಾಕಿ. ಇನ್ನೊಂದು ತುಂಡನ್ನು ಸುಮ್ನೆ ಮೇಜಿನ ಮೇಲೆ ಬಿಟ್ಟು ಸಂಜೆ ಅರೆಯಿರಿ. ಜೊತೆಗೆ ಕ್ಯಾಡವರಿನ್ ಸ್ಟ್ಯಾಂಡರ್ಡ್ ಓಡಿಸಿ. ಸೂಕ್ಷ್ಮದರ್ಶಕದ ಲೀವೆನ್‌ಹುಕ್ 1678ರಲ್ಲೇ ವೀರ್ಯದಲ್ಲಿ ಸ್ಪರ್ಮಿನ್ ಹರಳು ಕಂಡಿದ್ದರೂ ಅದರ ರಚನೆ ಗೊತ್ತಾಗಿದ್ದು 1920ರ ದಶಕದಲ್ಲಿ, ನೀವು ಒಂದು ವಾರ ಕಾಯಬಹುದು. ಐಸ್ ಮಾದರಿಯಲ್ಲೂ ಚುಕ್ಕೆ ಉಳಿದರೆ ಮಾಸ್ ಸ್ಪೆಕ್ಟ್ರೋಮೀಟರಿಗೆ (ಅಣುವಿನ ತೂಕ ಅಳೆಯುವ ಯಂತ್ರಕ್ಕೆ) ಕಳಿಸಿ, ಬರೀ ಪ್ಲೇಟ್ ನೋಡಿ ಹೊಸ ಪಾಲಿಅಮೈನ್ ಅಂತ ಯಾರೂ ಒಪ್ಪಲ್ಲ.

ಪ್ರಶ್ನೆ ಕೇಳಿದವರು (ಆರು ದಿನದ ನಂತರ):
ಐಸ್ ಮಾದರಿಯಲ್ಲಿ ಚುಕ್ಕೆ ಇಲ್ಲ. ಮೇಜಿನ ಮೇಲಿಟ್ಟಿದ್ದರಲ್ಲಿ ಬಂತು, ಕ್ಯಾಡವರಿನ್ ಸ್ಟ್ಯಾಂಡರ್ಡ್ ನೇರಕ್ಕೇ ಇದೆ. ಅದರಲ್ಲಿ ಪುಟ್ರೆಸಿನ್ ಕೂಡ ಜಾಸ್ತಿ ಕಾಣುತ್ತಿದೆ, ಅದಕ್ಕೇ ಹಳೆಯ ಮೂರು ಪ್ಲೇಟಿನ ಲೆಕ್ಕ ಪೂರ್ತಿ ಬಿಟ್ಟಿದ್ದೇನೆ. ತುಂಬಾ ಥ್ಯಾಂಕ್ಸ್ ಸರ್, ಸೋಮವಾರದಿಂದ ಐಸ್ ಡಬ್ಬಿ ಹಿಡಿದುಕೊಂಡೇ ಅಂಗಡಿಗೆ ಹೋಗುತ್ತೇನೆ.