ರ‍್ಯಾಮ್ ಬದಲಿಸಲು ರಿಸ್ಟ್ ಸ್ಟ್ರಾಪ್ ಬೇಕೇ ಬೇಕಾ?

ಕಲಬುರಗಿ ಗೇಮರ್:
ಹಳೆ ಪಿಸಿಗೆ ಹೊಸ ರ‍್ಯಾಮ್, ಎಸ್‌ಎಸ್‌ಡಿ ಹಾಕಬೇಕು. ಇಲ್ಲಿ ಬಿಸಿಲು ಶುರುವಾಗಿದೆ, ಗಾಳಿ ಪೂರ್ತಿ ಒಣಗಿದೆ. ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಾಗಿಲ ಚಿಲಕ ಮುಟ್ಟಿದರೆ ಚಟ್ ಅನ್ನುತ್ತೆ. ಮೈಮೇಲಿನ ಈ ಸ್ಟ್ಯಾಟಿಕ್ ಚಾರ್ಜ್ ಚಿಪ್ ಸುಡಬಹುದು, ರಿಸ್ಟ್ ಸ್ಟ್ರಾಪ್ (ಮಣಿಕಟ್ಟಿಗೆ ಕಟ್ಟಿ, ವೈರಿನ ಕ್ಲಿಪ್ಪನ್ನು ಕ್ಯಾಬಿನೆಟ್ಟಿಗೆ ಹಾಕುವ ಪಟ್ಟಿ) ಇಲ್ಲದೆ ಕೈ ಹಾಕಬೇಡ ಅಂತ ಗೆಳೆಯ. ಕ್ಯಾಬಿನೆಟ್ ಒಮ್ಮೆ ಮುಟ್ಟಿದರೆ ಸಾಕು ಅಂತ ಅಂಗಡಿಯವರು. ಯಾರ ಮಾತು ಕೇಳಲಿ?

ಕುಡ್ಲದ ಹುಡುಗ:
ಸುಮ್ನೆ ದುಡ್ಡು ಹಾಳು ಮಾಡಬೇಡಿ. ಮಂಗಳೂರಿನಲ್ಲಿ ಎಷ್ಟೋ ಪಿಸಿ ಬರಿಗೈಯಲ್ಲೇ ಜೋಡಿಸಿದ್ದೇನೆ, ಒಂದೂ ಹೋಗಿಲ್ಲ. ಬೇಕಂತಲೇ ಕಿಡಿ ಹಾರಿಸಿ ರ‍್ಯಾಮ್ ಸುಡಲು ನೋಡಿದ ವಿಡಿಯೋಗಳೂ ಇವೆ. ಅದು ಅಷ್ಟು ಸುಲಭಕ್ಕೆ ಸಾಯಲ್ಲ.

ಪೀಣ್ಯ ಲೈನ್:
ಮಂಗಳೂರಿನ ಲೆಕ್ಕ ಕಲಬುರಗಿಗೆ ಹೊಂದಲ್ಲ ಸರ್. ನಾನು ಬೋರ್ಡ್ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ನಮಗೆ ತರಬೇತಿಯಲ್ಲಿ ತೋರಿಸುವ ಪಟ್ಟಿಯಲ್ಲಿ ಕಾರ್ಪೆಟ್ ಮೇಲೆ ನಡೆದಾಗ ಹುಟ್ಟುವ ಚಾರ್ಜ್ ಹೀಗಿದೆ: ಗಾಳಿಯ ತೇವ ಶೇ. 65ಕ್ಕಿಂತ ಜಾಸ್ತಿ ಇದ್ದರೆ ಸುಮಾರು 1500 ವೋಲ್ಟ್. ಶೇ. 20ಕ್ಕಿಂತ ಕಡಿಮೆ ಇದ್ದರೆ 35,000 ವೋಲ್ಟ್‌ವರೆಗೆ. ಮನುಷ್ಯ ಅದೇ, ನೆಲ ಅದೇ. ಗಾಳಿ ಮಾತ್ರ ಬೇರೆ.

ಮಿನಿಯಾಪೊಲಿಸ್ ಕನ್ನಡತಿ:
ನಿಜ. ಇಲ್ಲಿ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆ, ಕಾರ್ಪೆಟ್ ನೆಲ, ಉಣ್ಣೆ ಕಾಲುಚೀಲ. ಲೈಟಿನ ಸ್ವಿಚ್ ಮುಟ್ಟಲೂ ಮಕ್ಕಳು ಹೆದರುತ್ತಾರೆ. ಸ್ಟ್ರಾಪ್ ಇಲ್ಲದೆ ನಾನಂತೂ ಕ್ಯಾಬಿನೆಟ್ ತೆಗೆಯಲ್ಲ. ತೆಗೆಯುವ ದಿನ ಕಾರ್ಪೆಟ್ ಇಲ್ಲದ ಅಡುಗೆಮನೆ ಮೇಜೇ ಜಾಗ.

ಕುಡ್ಲದ ಹುಡುಗ:
ಪೀಣ್ಯ ಮೇಡಂ, ಕಾರ್ಖಾನೆಯಲ್ಲಿ ದಿನಕ್ಕೆ ಸಾವಿರಾರು ಬೋರ್ಡ್ ಕೈಯಲ್ಲಿ ಹೋಗುತ್ತೆ, ಅಲ್ಲಿ ಬೇಕು. ಮನೇಲಿ ಒಂದು ಸಲ ರ‍್ಯಾಮ್ ಹಾಕುವವನಿಗೆ ಯಾಕೆ? ಇನ್ನೊಂದು ಮಾತು. "ಇವತ್ತು ಸಾಯದಿದ್ದರೂ ಆರು ತಿಂಗಳಿಗೆ ಸಾಯುತ್ತೆ" ಅನ್ನುತ್ತಾರಲ್ಲ, ಅದನ್ನು ಒಪ್ಪೋದು ಕಷ್ಟ. ಸತ್ತರೆ ಸ್ಟ್ಯಾಟಿಕ್, ಬದುಕಿದರೆ ಅದೃಷ್ಟ ಅಂದರೆ ಅದು ವಾದವೇ ಅಲ್ಲ.

ಪೀಣ್ಯ ಲೈನ್:
ಒಳ್ಳೆ ಪ್ರಶ್ನೆ, ಸ್ವಲ್ಪ ಉದ್ದ ಬರೆಯುತ್ತೇನೆ.

ಕೈಗೆ ಚುರುಕ್ ಅಂತ ಗೊತ್ತಾಗಬೇಕಾದರೆ ಮೈಮೇಲೆ ಸುಮಾರು 3000 ವೋಲ್ಟ್ ಇರಬೇಕು. ಚಿಪ್ ಪರೀಕ್ಷೆ ಮಾಡುವಾಗ ಮನುಷ್ಯನ ಮೈಯನ್ನು 100 ಪಿಕೋಫ್ಯಾರಡ್ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಭಾಗ), 1500 ಓಮ್ ರೆಸಿಸ್ಟರ್ (ಕರೆಂಟ್ ತಡೆಯುವ ಭಾಗ) ಅಂತ ಲೆಕ್ಕ ಹಿಡಿಯುತ್ತಾರೆ. ಆ ಲೆಕ್ಕದಲ್ಲಿ 3000 ವೋಲ್ಟ್ ಅಂದರೆ ಬೆರಳ ತುದಿಯಿಂದ ಒಂದು ಕ್ಷಣ 2 ಆಂಪಿಯರ್ ಹರಿಯುತ್ತೆ. ಅದು ಒಂದು ಮೈಕ್ರೋಸೆಕೆಂಡೊಳಗೆ ಮುಗಿದುಹೋಗುತ್ತೆ, ಹಾಗಾಗಿ ನಮಗೆ ಏನೂ ಆಗಲ್ಲ. ಆದರೆ ಚಿಪ್ ಒಳಗಿನ ಪುಟ್ಟ ಸ್ವಿಚ್‌ಗಳಾದ ಟ್ರಾನ್ಸಿಸ್ಟರ್‌ಗಳಲ್ಲಿ ಗೇಟ್ ಕೆಳಗಿನ, ಕರೆಂಟ್ ಬಿಡದ ಪದರ ಕೆಲವೇ ನ್ಯಾನೋಮೀಟರ್ ದಪ್ಪ. ಅದನ್ನು ಕಾಯಲು ಚಿಪ್ ಒಳಗೇ ಡಯೋಡ್ ಇಟ್ಟಿರುತ್ತಾರೆ, ಅದಕ್ಕೇ ನಿಮ್ಮ ಪಿಸಿಗಳು ಬದುಕಿವೆ. ಆ ರಕ್ಷಣೆ ಎಷ್ಟೋ ಚಿಪ್‌ಗಳಲ್ಲಿ 1000, 2000 ವೋಲ್ಟ್‌ವರೆಗೆ ಮಾತ್ರ. ಅಂದರೆ ಕೈಗೆ ಏನೂ ಗೊತ್ತಾಗದೆಯೇ ಚಿಪ್‌ಗೆ ಏಟು ಬೀಳಬಹುದು.

ನಿಧಾನಕ್ಕೆ ಸಾಯೋದು ಕಟ್ಟುಕತೆ ಅಲ್ಲ. ವಾಪಸ್ ಬಂದ ಚಿಪ್‌ನ ಹೊದಿಕೆ ಕರಗಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕರಗಿದ ಚುಕ್ಕೆ ಕಾಣುತ್ತೆ. ಚಿಪ್ ಕೆಲಸ ಮಾಡುತ್ತಿದ್ದರೂ ಆ ಪಿನ್ನಿನಲ್ಲಿ ಲೀಕೇಜ್ (ಸೋರುವ ಕರೆಂಟ್) ಜಾಸ್ತಿಯಾಗಿರುತ್ತೆ. ಅದನ್ನು ಅಳೆಯಬಹುದು. ಹಾಗಂತ ಮನೇಲಿ ಹೋದ ಪ್ರತಿ ರ‍್ಯಾಮ್‌ಗೂ ಸ್ಟ್ಯಾಟಿಕ್ ಕಾರಣ ಅಂತ ನಾನು ಹೇಳಲ್ಲ. ಬಗ್ಗಿದ ಪಿನ್ನು, ಬೋರ್ಡಿನ ಕೆಳಗೆ ಬಿದ್ದ ಸ್ಕ್ರೂ, ಇವೂ ಬೋರ್ಡ್ ತಿನ್ನುತ್ತವೆ.

ಹುಬ್ಬಳ್ಳಿ ರಿಪೇರಿ:
ಎಲ್ಲಾ ಸರಿ ಅದಾವ್ರೀ, ಆದರೆ ಮೊದಲು ಅರ್ಥಿಂಗ್ ಮಾತಾಡೋಣ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತೆ, ಹಿಂದೆ ಅರ್ಥ್ ವೈರೇ ಇರಲ್ಲ. ಎಸ್‌ಎಂಪಿಎಸ್ (ಪಿಸಿಯ ಪವರ್ ಸಪ್ಲೈ ಡಬ್ಬಿ) ಒಳಗೆ ಫೇಸ್‌ನಿಂದ ಕ್ಯಾಬಿನೆಟ್ಟಿಗೆ ಒಂದು, ನ್ಯೂಟ್ರಲ್‌ನಿಂದ ಕ್ಯಾಬಿನೆಟ್ಟಿಗೆ ಒಂದು ಸಣ್ಣ ಕೆಪಾಸಿಟರ್ ಇರುತ್ತೆ. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೆ 230ರ ಅರ್ಧ, ಸುಮಾರು 115 ವೋಲ್ಟ್ ಬಂದು ಕೂರುತ್ತೆ. ಬೆರಳು ಸವರಿದರೆ ಜುಂ ಅನ್ನುತ್ತಲ್ಲ, ಅದು ಇದೇ. ಜನ ಅದನ್ನೂ ಸ್ಟ್ಯಾಟಿಕ್ ಅಂತಾರೆ. ಅಲ್ಲ. ಸ್ಟ್ಯಾಟಿಕ್ ಒಮ್ಮೆ ಹೊಡೆದು ಮುಗಿಯುತ್ತೆ, ಇದು ಪ್ಲಗ್ ಕೀಳೋವರೆಗೂ ಇರುತ್ತೆ. ಇಂಥ ಪಿಸಿಗೆ ಆನ್ ಇರುವಾಗಲೇ ಟಿವಿಯ ಎಚ್‌ಡಿಎಂಐ ಚುಚ್ಚಿ ಪೋರ್ಟ್ ಸುಟ್ಟುಕೊಂಡು ಬರೋರು ನಮ್ಮ ಅಂಗಡಿಗೆ ಜಾಸ್ತಿ.

ಕಲಬುರಗಿ ಗೇಮರ್:
ನಮ್ಮ ಕ್ಯಾಬಿನೆಟ್ಟೂ ಜುಂ ಅನ್ನುತ್ತೆ! ಹಾಗಾದರೆ ಪ್ಲಗ್ ಹಾಕಿಟ್ಟು ಸ್ವಿಚ್ ಮಾತ್ರ ಆಫ್ ಮಾಡಿದರೆ ಅರ್ಥ್ ಸಿಗುತ್ತೆ ಅಂತ ಹೇಳೋದು?

ಹುಬ್ಬಳ್ಳಿ ರಿಪೇರಿ:
ನಿಮ್ಮ ಮನೇಲಿ ಬೇಡವೇ ಬೇಡ ತಮ್ಮಾ. ಅರ್ಥ್ ಇಲ್ಲದ ಸಾಕೆಟ್‌ನಿಂದ ಅರ್ಥ್ ಎಲ್ಲಿಂದ ಸಿಗಬೇಕು? ಫೇಸ್ ನ್ಯೂಟ್ರಲ್ ಅದಲುಬದಲಾಗಿದ್ದರೆ ಗೋಡೆ ಸ್ವಿಚ್ ಆಫ್ ಮಾಡಿದರೂ ಒಳಗೆ ಫೇಸ್ ಇದ್ದೇ ಇರುತ್ತೆ. ಪ್ಲಗ್ ಕೀಳು. ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿ, ಉಳಿದ ಚಾರ್ಜ್ ಇಳಿಯುತ್ತೆ. ಆಮೇಲೆ ಕೈ ಹಾಕು. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಸರಿ ಮಾಡಿಸೋದನ್ನ ಮಾತ್ರ ಬಿಡಬೇಡ.

ಕುಡ್ಲದ ಹುಡುಗ:
ಪ್ಲಗ್ ಕಿತ್ತರೆ ಭೂಮಿಗೆ ದಾರಿಯೇ ಇಲ್ಲ. ಆಗ ಸ್ಟ್ರಾಪ್ ಏನು ಮಾಡುತ್ತೆ?

ಪೀಣ್ಯ ಲೈನ್:
ಭೂಮಿ ಬೇಕೇ ಬೇಕು ಅಂತಿಲ್ಲ. ನಿಮ್ಮ ಮೈ, ಕ್ಯಾಬಿನೆಟ್, ಮದರ್‌ಬೋರ್ಡ್ ಮೂರೂ ಒಂದೇ ವೋಲ್ಟೇಜ್ ಮಟ್ಟದಲ್ಲಿದ್ದರೆ ಕಿಡಿ ಹಾರಲು ಕಾರಣವೇ ಇಲ್ಲ. ಸ್ಟ್ರಾಪ್ ಮಾಡೋದು ಅದನ್ನೇ. ಹೊಸ ರ‍್ಯಾಮ್‌ನ ಕವರನ್ನೂ ಒಮ್ಮೆ ಕ್ಯಾಬಿನೆಟ್ಟಿಗೆ ತಾಗಿಸಿ, ಆಮೇಲೆ ತೆರೆಯಿರಿ. ಸ್ಟ್ರಾಪಿನ ವೈರಲ್ಲಿ 1 ಮೆಗಾಓಮ್ ರೆಸಿಸ್ಟರ್ ಇರಬೇಕು. ಅಕಸ್ಮಾತ್ 230 ವೋಲ್ಟ್ ತಾಗಿದರೂ ಕಾಲು ಮಿಲಿಆಂಪಿಯರ್‌ಗಿಂತ ಜಾಸ್ತಿ ಮೈಯಲ್ಲಿ ಹರಿಯದಂತೆ ಅದು ತಡೆಯುತ್ತೆ. ಅದಕ್ಕೇ ಮನೇಲಿ ಬರೀ ವೈರ್ ಸುತ್ತಿಕೊಂಡು ಸ್ಟ್ರಾಪ್ ಮಾಡಿಕೊಳ್ಳಬೇಡಿ.

ಕ್ಯಾಬಿನೆಟ್ ಮುಟ್ಟೋದೂ ಇದೇ ಕೆಲಸ ಮಾಡುತ್ತೆ, ಆದರೆ ಮುಟ್ಟಿದ ಆ ಕ್ಷಣಕ್ಕೆ ಮಾತ್ರ. ಕುರ್ಚಿಯಿಂದ ಒಮ್ಮೆ ಎದ್ದು ಕೂತರೆ ಮತ್ತೆ ಚಾರ್ಜ್ ಏರುತ್ತೆ.

ಮಿನಿಯಾಪೊಲಿಸ್ ಕನ್ನಡತಿ:
ವೈರೇ ಇಲ್ಲದ ಸ್ಟ್ರಾಪ್ ಮಾರುತ್ತಾರೆ, ಅದನ್ನು ಕೊಳ್ಳಬೇಡಿ. ಚಾರ್ಜ್ ಹೋಗಲು ದಾರಿಯೇ ಇಲ್ಲದ ಮೇಲೆ ಅದು ಬರೀ ಬಳೆ.

ಕಲಬುರಗಿ ಗೇಮರ್:
ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವ ಗೆಳೆಯನಿಗೆ ವೈರ್ ಇರೋದನ್ನೇ ತರಲು ಹೇಳಿದೆ. ಕ್ಲಿಪ್ ಎಲ್ಲಿಗೆ ಹಾಕೋದು? ಕ್ಯಾಬಿನೆಟ್ ಪೂರ್ತಿ ಕಪ್ಪು ಪೇಂಟ್.

ಹುಬ್ಬಳ್ಳಿ ರಿಪೇರಿ:
ಪೇಂಟ್ ಮೇಲೆ ಹಾಕಿದರೆ ಹಾಕದಂಗೇ. ಎಸ್‌ಎಂಪಿಎಸ್ ಕೂರಿಸಿದ ಸ್ಕ್ರೂ, ಇಲ್ಲಾ ಒಳಗೆ ಬರಿ ತಗಡು ಕಾಣುವ ಅಂಚಿಗೆ ಹಾಕು. ರ‍್ಯಾಮ್ ಅಂಚಲ್ಲಿ ಹಿಡಿ, ಚಿನ್ನದ ಬಣ್ಣದ ಕಾಲಿಗೆ ಬೆರಳು ತಾಗಿಸಬೇಡ. ಕಳಚಿದ ಹಳೆ ರ‍್ಯಾಮ್ ಥರ್ಮಾಕೋಲ್ ಮೇಲೆ ಇಡಬೇಡ. ಬೆಳ್ಳಿ ಬಣ್ಣದ ಕವರ್ ಇದ್ದರೆ ಅದರ ಒಳಗೇ ಹಾಕು. ಪಿಂಕ್ ಕವರ್ ತಾನು ಚಾರ್ಜ್ ಆಗಲ್ಲ ಅಷ್ಟೇ, ಹೊರಗಿನ ಕಿಡಿ ತಡೆಯಲ್ಲ. ಧೂಳಿದ್ದರೆ ಬ್ರಶ್‌ನಿಂದ ತೆಗಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಪ್ಲಾಸ್ಟಿಕ್ ಮೂತಿಯಲ್ಲೇ ಚಾರ್ಜ್ ಕೂತಿರುತ್ತೆ.

ಕುಡ್ಲದ ಹುಡುಗ:
ಕಲಬುರಗಿಗೆ ಸ್ಟ್ರಾಪ್ ಬೇಕು ಅನ್ನೋದು ಒಪ್ಪಿದೆ. ನಮ್ಮೂರಲ್ಲಿ ಮಳೆಗಾಲಕ್ಕೆ ಬೇಡ ಅನ್ನೋದು ಬಿಡಲ್ಲ. ಎಸಿ ರೂಮಲ್ಲಿ ಹೇಗೆ ಮೇಡಂ?

ಪೀಣ್ಯ ಲೈನ್:
ಎಸಿ ಗಾಳಿಯ ನೀರು ಹಿಂಡಿ ಪೈಪಲ್ಲಿ ಹೊರಗೆ ಹಾಕುತ್ತೆ, ಅಲ್ವಾ? ಎಸಿ ಆಫ್ ಮಾಡಿ, ಕಿಟಕಿ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಶುರು ಮಾಡಿ. ಪಾಲಿಸ್ಟರ್ ಟಿ-ಶರ್ಟ್ ಬದಲು ಹತ್ತಿ ಅಂಗಿ ಹಾಕಿ. ಸ್ಟ್ರಾಪ್ ಕೈಯಲ್ಲೇ ಇದ್ದರೆ ಹಾಕಿಕೊಳ್ಳಿ ಸರ್, ಕ್ಲಿಪ್ ಹಾಕಲು ಎಷ್ಟು ಹೊತ್ತು?