ಚಿಕ್ಕಪ್ಪನ ಹೊಸ ಫೋನಿನಲ್ಲಿ ಇಮೇಲ್ ತೆರೆಯದಿರುವ ಬಗ್ಗೆ

ಚಿಕ್ಕಪ್ಪ, ನಿಮ್ಮ ಮೆಸೇಜನ್ನೂ ಅದರ ಕೆಳಗೆ ಉಳಿದವರು ಕೊಟ್ಟಿರುವ ಸಲಹೆಗಳನ್ನೂ ಈಗಷ್ಟೇ ನೋಡಿದೆ. ಟೈಪ್ ಮಾಡುತ್ತ ಕುಳಿತರೆ ತಡವಾಗುತ್ತದೆಂದು ಮಾತಿನಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಆದ್ದರಿಂದ ನಿಲ್ಲಿಸಿ ನಿಲ್ಲಿಸಿ ಕೇಳಿ. ಹೊಸ ಫೋನಿನ ಜೊತೆಗೇ ಬಂದ ಮೇಲ್ ಆಪ್‌ನಲ್ಲಿ ನಿಮ್ಮ ಜಿಮೇಲ್ ವಿಳಾಸವನ್ನೂ ಪಾಸ್‌ವರ್ಡನ್ನೂ ಹಾಕಿದರೆ "ಯೂಸರ್‌ನೇಮ್ ಆರ್ ಪಾಸ್‌ವರ್ಡ್ ಇನ್‌ಕರೆಕ್ಟ್" ಎಂದು ಬರುತ್ತಿದೆ, ಅದೇ ಪಾಸ್‌ವರ್ಡ್ ಹಾಕಿದರೆ ಮನೆಯ ಕಂಪ್ಯೂಟರಿನಲ್ಲಿ ಮೇಲ್ ಸಲೀಸಾಗಿ ತೆರೆದುಕೊಳ್ಳುತ್ತಿದೆ ಎಂದಿದ್ದೀರಿ.

ಹಾಗಿದ್ದರೆ, ದಯವಿಟ್ಟು ಪಾಸ್‌ವರ್ಡ್ ಬದಲಾಯಿಸಲು ಹೋಗಬೇಡಿ. "ಫರ್ಗಾಟ್ ಪಾಸ್‌ವರ್ಡ್ ಒತ್ತಿ ಹೊಸದು ಮಾಡಿಕೊಳ್ಳಿ" ಎಂದು ಗ್ರೂಪಿನಲ್ಲಿ ಕೆಲವರು ಹೇಳಿರುವುದು ಒಳ್ಳೆಯ ಮನಸ್ಸಿನಿಂದಲೇ, ಆದರೆ ಕಂಪ್ಯೂಟರಿನಲ್ಲಿ ನಡೆಯುವ ಪಾಸ್‌ವರ್ಡ್ ತಪ್ಪಾಗಿರಲು ಸಾಧ್ಯವೇ ಇಲ್ಲ. ಪಾಸ್‌ವರ್ಡ್ ಸರಿಯಿದ್ದೂ ಅದನ್ನು ಒಪ್ಪಿಸಿದ ರೀತಿಯನ್ನು ಸರ್ವರ್ ತಿರಸ್ಕರಿಸಿದಾಗಲೂ ಅನೇಕ ಆಪ್‌ಗಳು ಇದೇ ಮಾತನ್ನು ತೋರಿಸುತ್ತವೆ. ಈ ಒಂದು ಸಾಲಿನಿಂದಾಗಿ ಎಷ್ಟು ಜನ ಚೆನ್ನಾಗಿದ್ದ ಪಾಸ್‌ವರ್ಡನ್ನು ಬದಲಾಯಿಸಿ ಗೊಂದಲ ಮಾಡಿಕೊಂಡಿದ್ದಾರೋ ದೇವರೇ ಬಲ್ಲ.

ಹಿಂದೆ ಯಾವುದೇ ಮೇಲ್ ಆಪ್ ನಮ್ಮ ಪಾಸ್‌ವರ್ಡನ್ನು ತನ್ನಲ್ಲಿ ಇಟ್ಟುಕೊಂಡು ಪ್ರತಿ ಸಲವೂ ಅದನ್ನೇ ಸರ್ವರಿಗೆ ಕೊಟ್ಟು ಮೇಲ್ ತರುತ್ತಿತ್ತು. ಆ ಆಪ್‌ನಿಂದ ಪಾಸ್‌ವರ್ಡ್ ಸೋರಿದರೆ ಇಡೀ ಖಾತೆಯೇ ಹೋದಂತೆ ಎಂಬ ಕಾರಣಕ್ಕೆ ಗೂಗಲ್ 2022ರ ಮೇ 30ರಿಂದ ವೈಯಕ್ತಿಕ ಖಾತೆಗಳಲ್ಲಿ ಈ ಪದ್ಧತಿಯನ್ನು ನಿಲ್ಲಿಸಿತು, ಮತ್ತು ಔಟ್‌ಲುಕ್, ಹಾಟ್‌ಮೇಲ್ ಖಾತೆಗಳಲ್ಲಿ ಮೈಕ್ರೋಸಾಫ್ಟ್ 2024ರ ಸೆಪ್ಟೆಂಬರ್ 16ರಿಂದ ಅದನ್ನೇ ಮಾಡಿತು. ಈಗ ಆಪ್‌ಗೆ ಪಾಸ್‌ವರ್ಡ್ ಸಿಗುವುದೇ ಇಲ್ಲ. ಗೂಗಲ್‌ನ ಸ್ವಂತ ಪುಟವೇ ತೆರೆದುಕೊಂಡು, ಅಲ್ಲಿ ನೀವು ಸೈನ್ ಇನ್ ಆಗಿ ಅನುಮತಿ ಕೊಟ್ಟ ಮೇಲೆ ಆಪ್‌ಗೆ ಒಂದು ಪರವಾನಗಿ ಮಾತ್ರ ಸಿಗುತ್ತದೆ.

ಆದ್ದರಿಂದ ಮೊದಲು ಅರ್ಧಕ್ಕೆ ನಿಂತಿರುವ ಆ ಖಾತೆಯನ್ನು ಆಪ್‌ನಿಂದ ತೆಗೆದುಹಾಕಿ. ಮತ್ತೆ ಖಾತೆ ಸೇರಿಸುವಾಗ ಬರುವ ಪಟ್ಟಿಯಲ್ಲಿ "ಅದರ್" ಎಂದೋ "ಐಮ್ಯಾಪ್" ಎಂದೋ ಇರುವುದನ್ನು ಒತ್ತದೆ "ಗೂಗಲ್" ಅಥವಾ "ಜಿಮೇಲ್" ಎಂದಿರುವುದನ್ನೇ ಒತ್ತಿ. ಆಗ ಗೂಗಲ್‌ನ ಪುಟ ಬರುತ್ತದೆ, ಅಲ್ಲಿ ನಿಮ್ಮ ಮಾಮೂಲಿ ಪಾಸ್‌ವರ್ಡ್ ಸಾಕು. "ನೀವೇನಾ?" ಎಂಬ ಪ್ರಶ್ನೆ ಹಳೆಯ ಫೋನಿಗೆ ಬರಬಹುದು, ಹಾಗಾಗಿ ಕೆಲಸ ಮುಗಿಯುವವರೆಗೆ ಹಳೆಯ ಫೋನನ್ನು ಯಾರಿಗೂ ಕೊಡಬೇಡಿ, ಅಳಿಸಲೂ ಬೇಡಿ. ಬಹುಮಟ್ಟಿಗೆ ನಿಮ್ಮ ತೊಂದರೆ ಇಲ್ಲಿಗೇ ಮುಗಿಯುತ್ತದೆ.

ಪಟ್ಟಿಯಲ್ಲಿ ಗೂಗಲ್ ಹೆಸರೇ ಇಲ್ಲದಿದ್ದರೆ "ಆಪ್ ಪಾಸ್‌ವರ್ಡ್" ಎಂಬ ಇನ್ನೊಂದು ದಾರಿಯಿದೆ, ಅಂದರೆ ಆ ಒಂದು ಆಪ್‌ಗೆಂದೇ ಗೂಗಲ್ ಮಾಡಿಕೊಡುವ ಬೇರೆ ಪಾಸ್‌ವರ್ಡ್. ಮನೆಗೆಲಸದವರಿಗೆ ಬೀಗದ ಕೈಗೊಂಚಲನ್ನೇ ಒಪ್ಪಿಸದೆ ಹಿತ್ತಲ ಬಾಗಿಲಿನ ಒಂದು ಕೀಲಿಯನ್ನು ಮಾತ್ರ ಕೊಟ್ಟ ಹಾಗೆ ಇದು. ಬೇಡವೆನಿಸಿದಾಗ ಅದೊಂದನ್ನೇ ರದ್ದು ಮಾಡಬಹುದು. ಇದಕ್ಕೆ ನಿಮ್ಮ ಖಾತೆಯಲ್ಲಿ ಟೂ ಸ್ಟೆಪ್ ವೆರಿಫಿಕೇಶನ್, ಅಂದರೆ ಪಾಸ್‌ವರ್ಡ್ ಆದ ಮೇಲೆ ನೀವೇ ಎಂದು ಇನ್ನೊಮ್ಮೆ ಖಚಿತಪಡಿಸುವ ವ್ಯವಸ್ಥೆ, ಆನ್ ಆಗಿರಬೇಕು. ಕಂಪ್ಯೂಟರಿನಲ್ಲಿ ಗೂಗಲ್ ಖಾತೆಯ ಪುಟ ತೆರೆದು, ಮೇಲಿನ ಹುಡುಕುವ ಜಾಗದಲ್ಲಿ ಆಪ್ ಪಾಸ್‌ವರ್ಡ್ಸ್ ಎಂದು ಇಂಗ್ಲಿಷಿನಲ್ಲಿ ಬರೆದರೆ ಆ ಪುಟ ಸಿಗುತ್ತದೆ. "ಹೊಸ ಫೋನ್" ಎಂದೇನಾದರೂ ಹೆಸರು ಕೊಟ್ಟರೆ 16 ಅಕ್ಷರಗಳು ನಾಲ್ಕು ನಾಲ್ಕರ ಗುಂಪಾಗಿ ಕಾಣಿಸುತ್ತವೆ. ಆ ಕಿಟಕಿ ಮುಚ್ಚಿದ ಮೇಲೆ ಅವು ಮತ್ತೆ ಕಾಣಿಸುವುದಿಲ್ಲ, ಆದ್ದರಿಂದ ಫೋನಿನಲ್ಲಿ ಹಾಕಿ ಮುಗಿಯುವವರೆಗೆ ಮುಚ್ಚಬೇಡಿ. ಮೇಲ್ ಆಪ್‌ನಲ್ಲಿ ಪಾಸ್‌ವರ್ಡ್ ಕೇಳುವ ಜಾಗದಲ್ಲಿ ನಿಮ್ಮ ಮಾಮೂಲಿ ಪಾಸ್‌ವರ್ಡಿನ ಬದಲು ಇದನ್ನೇ ಬರೆಯಬೇಕು.

ಬರೆಯುವಾಗ ಬೆರಳಿಗಿಂತ ಕೀಬೋರ್ಡಿನ ಮೇಲೆ ಕಣ್ಣಿಡಿ. ಫೋನಿನ ಕೀಬೋರ್ಡು ಕೆಲವೊಮ್ಮೆ ಮೊದಲ ಅಕ್ಷರವನ್ನು ತಾನಾಗಿಯೇ ದೊಡ್ಡಕ್ಷರ ಮಾಡುತ್ತದೆ, ಆದರೆ ಈ 16 ಅಕ್ಷರಗಳೂ ಸಣ್ಣಕ್ಷರಗಳೇ. ಮೇಲ್ ವಿಳಾಸವನ್ನು ಕೀಬೋರ್ಡು ಸೂಚಿಸಿದ ಪದದಿಂದ ಆರಿಸಿಕೊಂಡರೆ ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಬಿಡಬಹುದು. ಅದು ಕಣ್ಣಿಗೆ ಕಾಣುವುದಿಲ್ಲ, ಆದರೆ ಸೈನ್ ಇನ್ ಕೆಡಿಸಲು ಅಷ್ಟೇ ಸಾಕು. ವಿಳಾಸದ ಕೊನೆಗೆ ಬೆರಳಿಟ್ಟು ಒಮ್ಮೆ ಅಳಿಸಿ ನೋಡಿ, ಅಕ್ಷರ ಹೋದರೆ ಮತ್ತೆ ಬರೆದರಾಯಿತು. ಯೂಸರ್‌ನೇಮ್ ಎಂದರೆ ಪೂರ್ತಿ ವಿಳಾಸ, ಬರೀ ಹೆಸರಲ್ಲ.

ಸರ್ವರಿನ ವಿವರ ಕೇಳಿದರೆ, ಒಳಬರುವುದಕ್ಕೆ ಐಮ್ಯಾಪ್ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ 993, ಸೆಕ್ಯೂರಿಟಿ ಎಸ್‌ಎಸ್‌ಎಲ್. ಹೊರಹೋಗುವುದಕ್ಕೆ ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ 465. ಮೇಲ್ ಬರುತ್ತದೆ ಆದರೆ ಕಳುಹಿಸಲು ಆಗುವುದಿಲ್ಲ ಎಂದಾದರೆ, ಹೊರಹೋಗುವ ಸರ್ವರಿನಲ್ಲಿ "ಸೈನ್ ಇನ್ ಬೇಕು" ಎಂಬ ಗುರುತು ಬಿಟ್ಟುಹೋಗಿದೆಯೇ ನೋಡಿ. ಅಲ್ಲಿಯೂ ಅದೇ ಆಪ್ ಪಾಸ್‌ವರ್ಡ್ ಕೊಡಬೇಕು. ಐಮ್ಯಾಪ್ ಬದಲು ಪಾಪ್ ಎಂಬ ಮೇಲ್ ತರುವ ಇನ್ನೊಂದು ವಿಧಾನವನ್ನು ಮಾತ್ರ ಆರಿಸಬೇಡಿ, ಏಕೆಂದರೆ ಅದು ಮೇಲ್‌ಗಳನ್ನು ಫೋನಿಗೆ ಇಳಿಸಿಕೊಳ್ಳುತ್ತದೆಯೇ ಹೊರತು ನೀವು ಇಲ್ಲಿ ಓದಿದ್ದು, ಅಳಿಸಿದ್ದು ಯಾವುದೂ ಕಂಪ್ಯೂಟರಿನೊಂದಿಗೆ ಹೊಂದಿಕೊಳ್ಳುವುದಿಲ್ಲ. ಫೋನಿನ ದಿನಾಂಕ, ಸಮಯ ತಪ್ಪಾಗಿದ್ದರೂ ಸರ್ಟಿಫಿಕೇಟ್ ದೋಷವೆಂದು ಬರುತ್ತದೆ, ಅದನ್ನು ಆಟೊಮ್ಯಾಟಿಕ್‌ಗೆ ಇಟ್ಟುಬಿಡಿ.

ಪಾಸ್‌ವರ್ಡ್ ಬದಲಿಸಬೇಡಿ ಎಂದು ಮೊದಲೇ ಹೇಳಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಗೂಗಲ್ ಖಾತೆಯ ಪಾಸ್‌ವರ್ಡ್ ಬದಲಾದ ಕೂಡಲೇ ಅದುವರೆಗೆ ಮಾಡಿಕೊಂಡ ಆಪ್ ಪಾಸ್‌ವರ್ಡ್‌ಗಳೆಲ್ಲ ರದ್ದಾಗುತ್ತವೆ. ಇಂದು ಎಲ್ಲ ಸರಿಮಾಡಿ, ನಾಳೆ ಯಾರದೋ ಮಾತು ಕೇಳಿ ರೀಸೆಟ್ ಮಾಡಿದರೆ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ನಿಮ್ಮ ಯಾಹೂ ಖಾತೆಗೂ ಇದೇ ಕ್ರಮ: ಪಟ್ಟಿಯಲ್ಲಿ ಯಾಹೂ ಇದ್ದರೆ ಅದನ್ನೇ ಒತ್ತಿ, ಇಲ್ಲದಿದ್ದರೆ ಯಾಹೂ ಖಾತೆಯ ಸೆಕ್ಯೂರಿಟಿ ಪುಟದಲ್ಲಿ ಅದರದೇ ಆಪ್ ಪಾಸ್‌ವರ್ಡ್ ಮಾಡಿಕೊಳ್ಳಿ.

ಜಿಮೇಲ್ ಆಪನ್ನೇ ಬಳಸಬಾರದೇ ಎಂದು ಅತ್ತೆ ಕೇಳಿದ್ದಾರೆ. ಬಳಸಬಹುದು, ಅದರಲ್ಲಿ ಯಾಹೂ ಖಾತೆಯನ್ನೂ ಸೇರಿಸಬಹುದು, ನನ್ನನ್ನು ಕೇಳಿದರೆ ಅದೇ ಸುಲಭ. ಆದರೆ ಚಿಕ್ಕಪ್ಪನಿಗೆ ಈ ಆಪ್‌ನ ದಪ್ಪ ಅಕ್ಷರ ಹಿಡಿಸಿದೆಯಲ್ಲ, ಅದನ್ನು ಬಿಡಿಸುವುದು ಬೇಡ.

ಒಂದು ಮಾತ್ರ ಎಲ್ಲರಿಗೂ ಹೇಳುತ್ತೇನೆ, ಇಂಥ ಸಮಯದಲ್ಲಿ ಕಸ್ಟಮರ್ ಕೇರ್ ನಂಬರ್ ಎಂದು ಹುಡುಕಿ ಸಿಕ್ಕ ಸಂಖ್ಯೆಗೆ ಫೋನ್ ಮಾಡಬೇಡಿ, ಓಟಿಪಿ ಹೇಳಬೇಡಿ, ಸ್ಕ್ರೀನ್ ಹಂಚಿಕೊಳ್ಳುವ ಆಪ್ ಹಾಕಿಸಿಕೊಳ್ಳಬೇಡಿ. ಅಕಸ್ಮಾತ್ ಹಾಗಾಗಿ ಹಣ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಚಿಕ್ಕಪ್ಪ, ಇಷ್ಟಾದರೂ ಆಗದಿದ್ದರೆ ಖಾತೆ ಸೇರಿಸುವಾಗ ಬರುವ ಪಟ್ಟಿಯ ಫೋಟೊವನ್ನೂ ಕೊನೆಗೆ ಬರುವ ದೋಷದ ಫೋಟೊವನ್ನೂ ಗ್ರೂಪಿಗೆ ಹಾಕದೆ ನನಗೇ ಕಳುಹಿಸಿ, ಆ 16 ಅಕ್ಷರಗಳು ಮಾತ್ರ ಅದರಲ್ಲಿ ಕಾಣದಿರಲಿ.